ಗದ್ದ

ಗುರುವಾರ ಅಂಗಡಿಗೆ ರಜೆ. ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದೆ
ಮೀನಿಗೆ ಹೊಗೆಯಿಡುವ ಚಿಮಣಿಗಳ ಸಾಲು ದಾಟಿ
ಹಾಸ್ಪೈಸಿಗೆ ಹೋಗುತ್ತೇನೆ, ಕೈಚೀಲದಲ್ಲಿ
ಬ್ರಶ್ಶು, ಬಟ್ಟಲು, ಎರಡು ಕತ್ತಿ, ಬಿಳಿ ಟವೆಲು.
ಅಲ್ಲಿ ಕಟಿಂಗು ಕೇಳುವವರು ಕಡಿಮೆ,
ಕೂದಲು ಉಳಿದಿದ್ದರೆ ತಾನೆ.
ಗಡ್ಡ ಮಾತ್ರ ಬೆಳೆಯುತ್ತಲೇ ಇರುತ್ತದೆ
ಒಳಗಿನ ಸುದ್ದಿ ಇನ್ನೂ ಮುಟ್ಟದವರ ಹಾಗೆ.

ಮಾಲ್ಟ್‌ಬಿ ಮೇಷ್ಟ್ರದು ಏಳನೇ ಕೋಣೆ.
ನಲವತ್ತು ವರ್ಷ ಜೀವಶಾಸ್ತ್ರ ಕಲಿಸಿದವರು.
ಕಿಟಕಿಯ ಕಟ್ಟೆ ಮೇಲೆ ಪ್ಲಾಸ್ಟರಿನ ಮೂರು ದವಡೆ:
ಚಿಂಪಾಂಜಿಯದು, ನಿಯಾಂಡರ್ತಾಲನದು, ನಮ್ಮದು;
ಪಕ್ಕದಲ್ಲೇ, ಗ್ಲಾಸಿನ ನೀರಲ್ಲಿ, ಅವರದು.

ನೊರೆ ಹಚ್ಚುವಾಗ ಕೇಳಿದರು:
“ನೀನು ಹಿಡಿದಿದ್ದೀಯಲ್ಲ, ಅದು
ಇಡೀ ಪ್ರಾಣಿಕುಲದಲ್ಲಿ ನಮಗೊಬ್ಬರಿಗೇ ಇರುವುದು, ಗೊತ್ತಾ?
ಕೋತಿಗಿಲ್ಲ. ಹಿಮಯುಗದ ದಾಯಾದಿಗೂ ಇರಲಿಲ್ಲ.
ಮಿದುಳು ಅಂದರೆ ತಿಮಿಂಗಿಲದ್ದು ದೊಡ್ಡದು,
ಇರುವೆಗೆ ಊರಿದೆ, ಕಾಗೆಗೆ ಹತಾರವಿದೆ,
ಆನೆ ಸತ್ತವರ ಮೂಳೆ ಸವರುತ್ತ ನಿಲ್ಲುತ್ತದೆ.
ಗದ್ದ ಮಾತ್ರ ನಮ್ಮದು.
ಯಾತಕ್ಕೆ ಬಂತೋ ಯಾರೂ ಹೇಳಲಾರರು.
ಅಗಿಯುವುದಕ್ಕೆ ಅಂದರು, ಮಾತಿಗೆ ಅಂದರು,
ಯಾವುದೂ ನಿಲ್ಲಲಿಲ್ಲ.”
“ಅಲುಗಾಡಬೇಡಿ,” ಅಂದೆ. ಕತ್ತಿ ತುಟಿಯ ಕೆಳಗಿತ್ತು.

ಯಾತಕ್ಕೆ ಅಂತ ನನಗೆ ಗೊತ್ತಿತ್ತು.
ಹೇಳುವಷ್ಟು ಇಂಗ್ಲಿಷು ಇರಲಿಲ್ಲ.
ಅದು ಹಿಡಿಯುವುದಕ್ಕೆ.
ಬೈತಲೆ ತೆಗೆಯುವಾಗ ತಂಗಿಯದನ್ನು ಅವ್ವ ಹಿಡಿದದ್ದು,
ಸಿಟ್ಟಾಗಿ ಗೋಡೆಗೆ ಮುಖಮಾಡಿ ಮಲಗಿದವಳದನ್ನು
ನಾನು ಹಿಡಿದು ತಿರುಗಿಸಿ, ತಪ್ಪಾಯಿತು ಅಂದದ್ದು.
ಸಾಲಗಾರನ ಮುಂದೆ, ದಾರೋಗನ ಮುಂದೆ,
ಕಾಲಿಗೆ ಬಿದ್ದರೂ ಕರಗದವನ ಮುಂದೆ
ಕೊನೆಗೆ ಕೈಚಾಚಿ ಹಿಡಿಯುವುದೂ ಅದನ್ನೇ.

ಅಪ್ಪ ಕಾಶಪ್ಪ. ತಾವರಗೇರಿ ಕಡೆಯವನು.
ಊರ ಗಂಡಸರ ಗದ್ದವೆಲ್ಲ ಅವನ ಎಡಗೈಯ
ಎರಡು ಬೆರಳಿಗೆ ಬಾಯಿಪಾಠ:
ಗೌಡನದು, ಪೂಜಾರಿಯದು, ಮದುಮಗನದು, ಹೆಣದ್ದು.
“ತಲಿ ಎತ್ತರೀ” ಅಂದರೆ ಊರೇ ತಲೆ ಎತ್ತುತ್ತಿತ್ತು,
ಕೊರಳನ್ನು ಕತ್ತಿಗೊಪ್ಪಿಸಿ ಕಣ್ಣು ಮುಚ್ಚುತ್ತಿತ್ತು.
ಆಮೇಲೆ ಮಿಂದು ಮಡಿಯಾಗಿ ಒಳಗೆ ಹೋಗುತ್ತಿತ್ತು.
ಅವನು ಹಿತ್ತಿಲಲ್ಲಿ, ಪರಟೆಯೊಡ್ಡಿ,
ಮೇಲಿಂದ ಹುಯ್ಯುವ ಚಹಾಕ್ಕೆ ಕಾಯುತ್ತ.

ಇದೂ ಬೇರೆ ಯಾವ ಪ್ರಾಣಿಗೂ ಇಲ್ಲ, ಮೇಷ್ಟ್ರೇ.
ನಿಮ್ಮ ಪಟ್ಟಿಗೆ ಸೇರಿಸಿ.

ಮಾರ್ಚಿಯಲ್ಲಿ ಒಂದು ನಸುಕು ನರ್ಸಿನ ಫೋನು.
ಸ್ಕಾರ್ಬರೋದಿಂದ ಮಗಳು ಬರುತ್ತಾಳೆ, ಹತ್ತಕ್ಕೆ, ಅಷ್ಟರಲ್ಲಿ...
ಹೋದೆ. ಬಾಯಿ ತೆರೆದೇ ಇತ್ತು,
ಪಾಠ ಅರ್ಧದಲ್ಲಿದ್ದಾಗ ಬೆಲ್ಲು ಹೊಡೆದಂತೆ.
ಬಿಸಿನೀರು ಬೇಕಿರಲಿಲ್ಲ,
ಆದರೂ ಮಣಿಕಟ್ಟಿಗೆ ಹನಿಸಿ ಶಾಖ ನೋಡಿದೆ.
ನೊರೆ ಕಲಸಿದೆ. ಗದ್ದ ಹಿಡಿದೆ.
ಇಷ್ಟು ವರ್ಷ ಹಿಡಿದವೆಲ್ಲ, ನಿದ್ದೆಯಲ್ಲಿದ್ದವರದೂ,
ಎಳ್ಳಷ್ಟಾದರೂ ನನ್ನ ಬೆರಳನ್ನು
ತಿರುಗಿ ಒತ್ತುತ್ತಿದ್ದವು. ಆತ್ಮದ ವಿಚಾರದಲ್ಲಿ
ನನ್ನ ತಿಳಿವಳಿಕೆ ಇಷ್ಟೇ:
ಒಂದು ಮರುಒತ್ತು.
ಅದು ಇರಲಿಲ್ಲ.

“ತಲಿ ಎತ್ತರೀ ಮೇಷ್ಟ್ರ,” ಅಂದೆ, ಅಪ್ಪನ ದನಿಯಲ್ಲಿ.
ಎತ್ತಲಿಲ್ಲ; ನಾನೇ ಎತ್ತಿದೆ.
ಬೋಳಿಸಿ, ಒರೆಸಿ, ಟವೆಲು ಸುರುಳಿ ಸುತ್ತಿ
ಕೆಳಗಿಟ್ಟಾಗ ಬಾಯಿ ಮೆಲ್ಲಗೆ ಮುಚ್ಚಿತು.

ಮಗಳು ಬಹಳ ಹೊತ್ತು ನೋಡಿದಳು.
ದುಡ್ಡು ಎಷ್ಟು ಅಂತ ಕೇಳಿದಳು, ಬೇಡವೆಂದೆ.
ಎದ್ದು ಹೋಗಿ ಚಹಾ ಮಾಡಿ ತಂದಳು,
ಅಪ್ಪನ ಮಗ್ಗಿನಲ್ಲಿ. ಅಂಚು ಒಡೆದದ್ದು.
ಕೈಗೆ ಕೊಟ್ಟಳು.
ಸಕ್ಕರೆ ಹಾಕಿರಲಿಲ್ಲ.
ಕುಡಿದೆ.